ಗಡಿಗೆ ತೆರೆಯುವ ಮಾತು

ನವೆಂಬರ್ ೮, ಶನಿವಾರ

ಇದೊಂದನ್ನು ಬರೆಯದೆಯೇ ಶುರು ಮಾಡೋಣವೆಂದಿದ್ದೆ. ನಿನ್ನೆ ಅಪ್ಪನ ತಂಗಿ ಅಯುವೊ ಅತ್ತೆ, "ನನ್ನ ಜಾಗಕ್ಕೆ ನೀನು ಬರ್ತೀಯಾ?" ಎಂದು ಕೇಳಿದಾಗ ನಾನು ಒಪ್ಪಿಕೊಂಡದ್ದು ಭಕ್ತಿಯಿಂದಲ್ಲ, ತವರಿನ ಮೇಲಿನ ಪ್ರೀತಿಯಿಂದಲೂ ಅಲ್ಲ. ಯುಲಾಲಿಯಾ ಅಲ್ಲೇ ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ನಾನು "ಹೂಂ" ಅಂದುಬಿಟ್ಟೆ.

ಯುಲಾಲಿಯಾ ನನ್ನ ದೊಡ್ಡಪ್ಪನ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ನಾಂದೊಮ್ ಸಂತೆಯಲ್ಲಿ ಅವಳು ಮಾರುವ ಪಿಟೊಗೆ ದೊಡ್ಡ ಹೆಸರು. ಅವಳ ಜೋಳದ ಹೆಂಡ ಖಾಲಿಯಾದ ಮೇಲೆಯೇ ಉಳಿದವರ ಗಡಿಗೆಗಳಿಗೆ ಗಿರಾಕಿ. ನಾನು ಕನ್ಯಾಸ್ತ್ರೀಯರ ಇಂಗ್ಲಿಷ್ ಶಾಲೆಗೆ ಹೋಗಿ ಟೀಚರ್ ಆದೆ, ಅವಳು ಶಾಲೆಗೆ ಹೋಗಲಿಲ್ಲ. ಆದರೂ ತವರಿನ ಅಂಗಳಕ್ಕೆ ಕಾಲಿಟ್ಟರೆ ಅವಳಿಗೆ ಎಲ್ಲ ಗೊತ್ತು, ನನಗೇನೂ ಗೊತ್ತಿಲ್ಲ. ನಲವತ್ತಾರರ ಹೆಂಗಸಿಗೆ ಇದೊಂದು ಕಾರಣವೇ? ಕಾರಣವಾಯಿತು.

ಜಾಗವೆಂದರೆ ಇದು. ಸುಗ್ಗಿಯ ಹೊಸ ಜೋಳದ ಹೆಂಡವನ್ನು ಮೊದಲು ಪೂರ್ವಿಕರಿಗೆ ಎರೆಯುವಾಗ ನಮ್ಮ ಮನೆತನದಲ್ಲಿ ಹಿರಿಯ ಹೆಂಗಸೊಬ್ಬಳು ಮಾತು ಹೇಳುತ್ತಾಳೆ: ಮೊದಲ ಅಜ್ಜಿ ಹೆಂಡ ಮಾಡಲು ಕಲಿತದ್ದು ಹೇಗೆ ಎಂಬ ಉದ್ದನೆಯ ಮಾತು. ಅದು ಮುಗಿಯುವವರೆಗೆ ಯಾರೂ ಕುಡಿಯುವ ಸೋರೆಬುರುಡೆಯನ್ನು ತುಟಿಗೆ ತಾಗಿಸುವ ಹಾಗಿಲ್ಲ. ಇದಕ್ಕೆ ಬೇಕಾದ ದೀಕ್ಷೆಯ ಮೊದಲ ಹಂತ ನನಗೆ ಹುಡುಗಿಯಾಗಿದ್ದಾಗಲೇ ಆಗಿದೆ. ಮೈಗೆ ಬಿಳಿ ಮಣ್ಣು ಬಳಿಸಿಕೊಂಡು, ತಿಂಗಳುಗಟ್ಟಲೆ ಅಲಸಂದೆ ಬಿಟ್ಟು ಕುಳಿತದ್ದು ಚೆನ್ನಾಗಿ ನೆನಪಿದೆ. ಈಗಿನದು ಹಿರಿಯಳಾಗುವ ಹಂತ. ಅತ್ತೆ ಮೂವತ್ತೊಂದು ವರ್ಷ ಹೇಳಿದ್ದಾಳೆ. ಹೋದ ವರ್ಷ ಅರ್ಧಕ್ಕೇ ಉಸಿರು ಸಾಲದೆ ಮೂರು ಸಲ ಕುಳಿತಳಂತೆ. ಈ ಸಲ ಹೇಳುವುದಿಲ್ಲ ಎಂದು ಹಿರಿಯರಿಗೆ ತಿಳಿಸಿಯೂ ಆಗಿದೆ.

ನವೆಂಬರ್ ೧೫, ಶನಿವಾರ

ಮೊದಲ ಪಾಠ. ಅತ್ತೆ ತನ್ನ ಕೋಣೆಯಲ್ಲಿ ಮಧ್ಯಾಹ್ನ ೨.೧೦ರಿಂದ ೨.೫೧ರವರೆಗೆ ಹೇಳಿದಳು. ನಲವತ್ತೊಂದು ನಿಮಿಷ. "ಕಿವಿ ಕೊಡು, ಅಷ್ಟೇ" ಅಂದಳು. ನಾನು ಕಿವಿ ಕೊಟ್ಟೆ. ಮನೆಗೆ ಬಂದವಳೇ ಬಾಗಿಲು ಹಾಕಿಕೊಂಡು ನೆನಪಿದ್ದಷ್ಟನ್ನೂ ಹೊಸ ನೋಟ್‌ಬುಕ್ಕಿನಲ್ಲಿ ಬರೆದೆ. ಬರೆಯಬೇಡ ಎಂದು ಅತ್ತೆ ಹೇಳಿರಲಿಲ್ಲ; ಬರೆಯಲೇ ಎಂದು ನಾನೂ ಕೇಳಿರಲಿಲ್ಲ.

ಪಾಠದ ನಂತರ ಹಿಂದಿನ ಹಿರಿಯಳು ತನ್ನನ್ನು ಆರಿಸಿದ ಕಥೆಯನ್ನೂ ಹೇಳಿದಳು. ಸಂತೆಯಿಂದ ಮೂರು ಹೊಸ ಗಡಿಗೆಗಳನ್ನು ಒಂದರ ಮೇಲೊಂದು ಹೊತ್ತು ತರುವಾಗ ಕಲ್ಲು ಎಡವಿ ಎರಡು ಒಡೆದವು. ಏನಾಯಿತು ಎಂದು ಹಿರಿಯಳು ಕೇಳಿದಳು. ಅತ್ತೆ ಹೇಳಿದ ರೀತಿಗೆ ಆ ಮುದುಕಿ ಬೈಯುವುದನ್ನೇ ಮರೆತಳಂತೆ. ಗಡಿಗೆ ಮೂರು, ಒಡೆದದ್ದು ಎರಡು, ಅತ್ತೆಗೆ ಆಗ ಇಪ್ಪತ್ತೊಂಬತ್ತು. ಇಲ್ಲಿ ಬರೆದಿಟ್ಟಿರುತ್ತೇನೆ.

ನವೆಂಬರ್ ೨೩, ಭಾನುವಾರ

ಪೂಜೆ ಮುಗಿಸಿ ಚರ್ಚಿನಿಂದ ನೇರ ಅತ್ತೆಯ ಮನೆಗೆ. ಎರಡನೆಯ ಸಲ ಹೇಳಿಸಿಕೊಂಡೆ. ತೊಂದರೆಯೆಂದರೆ, ಅತ್ತೆ ಹೋದ ಸಲದಂತೆ ಹೇಳಲಿಲ್ಲ. ಮೊದಲು ಬರಬೇಕಾದದ್ದು ಆಮೇಲೆ ಬಂತು, ಒಂದು ಭಾಗ ಬರಲೇ ಇಲ್ಲ. ತಡೆಯಲಾರದೆ ತಿದ್ದಿದೆ.

"ಅತ್ತೆ, ನೀರಿನದು ಇದಕ್ಕಿಂತ ಮೊದಲು ಬರ್ಬೇಕಲ್ವಾ?"

"ಬರಬೇಕಾ?"

"ಹೋದ ಶನಿವಾರ ಹಾಗೆ ಹೇಳಿದ್ದೆ."

"ಹೋದ ಶನಿವಾರ ಬಾಯಾರಿತ್ತು ಕಣೇ" ಎಂದು ನಕ್ಕಳು.

ವಯಸ್ಸಾಯಿತು. ಮೊದಲನೆಯದನ್ನೇ ಸರಿಯಾದ ಪಾಠವೆಂದು ಇಟ್ಟುಕೊಂಡು ಮುಂದುವರಿಯುತ್ತೇನೆ. ಒಟ್ಟು ೨೧೪ ಸಾಲು. ಅಜ್ಜಿಯ ಮಾತು ಕೆಂಪು ಶಾಯಿಯಲ್ಲಿ, ಉಳಿದದ್ದು ನೀಲಿಯಲ್ಲಿ. ಅತ್ತೆ ಉಸಿರು ತೆಗೆದುಕೊಂಡ ಕಡೆ ಒಂದು ಅಡ್ಡಗೆರೆ. ದಿನಕ್ಕೆ ಹದಿನೈದು ಸಾಲು. ಬೇರೆ ವಂಶದವನು ಕೇಳುವ ಹಾಗಿಲ್ಲವೆಂದು ನನ್ನ ಗಂಡ ಕ್ಲೀಟಸ್ ಅಂಗಳದಲ್ಲಿ ಕುಳಿತು ತಾನೇ ಮುದ್ದೆ ತಿರುವುತ್ತಾನೆ. "ಇನ್ನೆಷ್ಟು ಸಾಲು? ಒಳಗೆ ಬರ್ಬಹುದಾ?" ಎಂದು ಕೂಗುತ್ತಾನೆ. ಅವನ ಮುದ್ದೆಯಲ್ಲಿ ಗಂಟು ಜಾಸ್ತಿ.

ಡಿಸೆಂಬರ್ ೬, ಶನಿವಾರ

೨೧೪ ಸಾಲೂ ಬಂತು. ತಪ್ಪಿಲ್ಲದೆ ಎರಡು ಸಲ. ನಲವತ್ತು ನಿಮಿಷ, ನಲವತ್ತು ನಿಮಿಷ.

ಡಿಸೆಂಬರ್ ೧೩, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ತವರಿನ ಅಂಗಳದ ಶಿಯಾ ಮರದ ಕೆಳಗೆ ಹಿರಿಯರು ಹನ್ನೊಂದು ಜನ. ನಡುವೆ ಪರೀಕ್ಷೆಗೆಂದು ಒಂದು ಸಣ್ಣ ಗಡಿಗೆ ಹೆಂಡ. ಬೆಳಗಿನ ಧೂಳುಗಾಳಿಗೆ ಎಲ್ಲರ ತುಟಿಯೂ ಒಡೆದಿತ್ತು, ಎಲ್ಲರಿಗೂ ಬಾಯಾರಿಕೆ. ದಕುರಾ ಕೂಡ ಬಂದಿದ್ದ. ಅವನ ವಂಶಕ್ಕೂ ನಮ್ಮ ವಂಶಕ್ಕೂ ಗೇಲಿಯ ನೆಂಟಸ್ತಿಕೆ. ಬೇರೆ ವಂಶದವನಾದರೂ ಈ ಮಾತು ಕೇಳುವುದು, ನಮ್ಮನ್ನು ಬಾಯಿಗೆ ಬಂದ ಹಾಗೆ ಅನ್ನುವುದು ಅವನ ಹಕ್ಕು, ನಾವು ಸಿಟ್ಟಾಗುವ ಹಾಗಿಲ್ಲ. ಅರವತ್ತು ದಾಟಿದೆ, ನಾಲಗೆಗೆ ಮಾತ್ರ ವಯಸ್ಸಾಗಿಲ್ಲ. ಅವನಿಲ್ಲದೆ ನಮ್ಮ ಮನೆಯಲ್ಲಿ ಮದುವೆಯೂ ಇಲ್ಲ, ಸಾವೂ ಇಲ್ಲ.

ಶುರು ಮಾಡಿದೆ. ಧ್ವನಿ ಚೆನ್ನಾಗಿಯೇ ಬಂತು. ಎಪ್ಪತ್ತನೆಯ ಸಾಲಿನ ಹತ್ತಿರ ದಕುರಾ ಕೈ ಎತ್ತಿದ.

"ಟೀಚರಮ್ಮ, ಒಂದ್ನಿಮಿಷ. ನಿಮ್ಮಜ್ಜಿ ಆ ಜೋಳ ನಮ್ಮ ಹೊಲದಿಂದ ಕದ್ದಿದ್ದು. ಅದನ್ನ ಹೇಳ್ಲೇ ಇಲ್ಲ ನೀನು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಮುಗಿಸಿ ಬಾಯಿ ತೆರೆದರೆ ಎಪ್ಪತ್ತೊಂದನೆಯ ಸಾಲು ಇಲ್ಲ. ಎಷ್ಟು ತಡಕಿದರೂ ಇಲ್ಲ. ಬೇರೆ ದಾರಿ ಕಾಣದೆ ಮೊದಲಿನಿಂದ ಶುರು ಮಾಡಿದೆ.

ಈ ಸಲ ಅವನು ಅರವತ್ತಕ್ಕೇ ಕೈ ಎತ್ತಿದ. "ನಿಮ್ಮಜ್ಜಿ ಇನ್ನೂ ನೀರಿಗೇ ಹೋಗ್ಲಿಲ್ವಾ? ನಮ್ಮಜ್ಜಿ ಆಗಿದ್ರೆ ಇಷ್ಟೊತ್ತಿಗೆ ಕುಡಿದು ಮಲಗಿರೋಳು."

ಮತ್ತೆ ಮೊದಲಿನಿಂದ. ಹಿಂದೆ ಯಾರೋ ನರಳಿದರು.

"ಇದೇನೇ, ಎಷ್ಟು ಸಲ ಒದ್ರೂ ಸ್ಟಾರ್ಟ್ ಆಗಿ ಆಗಿ ನಿಲ್ಲುತ್ತೆ? ಹಳೇ ಮೋಟಾರ್ ಬೈಕಾ?" ಎಂದ ಮೂರನೆಯ ಸಲ. ಆಗ ಹಿರಿಯಳೊಬ್ಬಳು ಮೆತ್ತಗೆ ಹೇಳಿದಳು: "ನಡುವಿನಿಂದ ಹೇಳು ಮಗಳೇ, ಸಾಕು." ನಡುವಿನಿಂದ ಹೇಳಲು ನನಗೆ ಬರಲಿಲ್ಲ. ನಡು ಎಲ್ಲಿದೆಯೆಂದೇ ಗೊತ್ತಿರಲಿಲ್ಲ.

ದಕುರಾ ಅಷ್ಟು ಹೊತ್ತಿಗೆ ನಗುವುದನ್ನು ಬಿಟ್ಟಿದ್ದ. "ಮೂರು ಸಲಾನೂ ಒಂದೇ ಥರ ಹೇಳಿದ್ಲು" ಎಂದು ಹಿರಿಯರ ಕಡೆ ತಿರುಗಿದ. "ಒಂದು ಮಾತೂ ಆಚೀಚೆ ಆಗ್ಲಿಲ್ಲ. ಅಯುವೊಗೆ ಎಲ್ಲಿ ಉಸಿರು ಕಟ್ಟುತ್ತೋ ಇವಳೂ ಅಲ್ಲೇ ನಿಂತ್ಲು. ಇವಳಿಗೇನು ಉಬ್ಬಸವಾ? ಇದು ಅಯುವೊ ಬಾಯಿ. ಇವಳ ಬಾಯಿ ಎಲ್ಲಿ?"

ಮನೆಯ ಯಜಮಾನ, ನನ್ನ ದೊಡ್ಡಪ್ಪ, ಕೊನೆಗೆ ಮಾತಾಡಿದ. "ಜನವರಿ ಕೊನೇ ಶನಿವಾರ ಹೊಸ ಹೆಂಡ ತೆರೀಬೇಕು. ಅಷ್ಟರೊಳಗೆ ಬಾಯಿ ಸಿಕ್ಕಿದ್ರೆ ಸರಿ. ಸಿಗದೇ ಇದ್ರೆ ಕೆಳಗಿನ ಮನೆಯವರ ಅಂಗಳಕ್ಕೆ ಹೋಗಿ ಕುಡೀತೀವಿ."

ಕೆಳಗಿನ ಮನೆ ನಮ್ಮದೇ ವಂಶದ ಇನ್ನೊಂದು ಕವಲು. ಒಮ್ಮೆ ಇನ್ನೊಬ್ಬರ ಅಂಗಳದಲ್ಲಿ ಕುಡಿದ ಮನೆಯ ಮಾತು ಅವರ ಪಾಲಿಗೇ ಹೋಗುತ್ತದೆ, ಮತ್ತೆ ಬರುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಯಾರೂ ಅತ್ತೆಯ ಮುಖ ನೋಡಲಿಲ್ಲ. ಪರೀಕ್ಷೆಯ ಗಡಿಗೆಯನ್ನು ಮುಚ್ಚಿದಂತೆಯೇ ಒಳಗೆ ಹೊತ್ತುಕೊಂಡು ಹೋದರು.

ಡಿಸೆಂಬರ್ ೧೪, ಭಾನುವಾರ

ಚರ್ಚಿಗೆ ಹೋಗಲಿಲ್ಲ. ತಲೆನೋವೆಂದು ಹೇಳಿ ಕಳುಹಿಸಿದೆ. ತಲೆ ನೋಯುತ್ತಿರಲಿಲ್ಲ.

ಡಿಸೆಂಬರ್ ೧೮, ಗುರುವಾರ

ನೋಟ್‌ಬುಕ್ ತೆಗೆದುಕೊಂಡು ಅತ್ತೆಯ ಬಳಿ ಹೋದೆ. ಒಪ್ಪಿಸಿಬಿಡೋಣ, ಬೈಸಿಕೊಳ್ಳೋಣ ಎಂದು ಸಿದ್ಧಳಾಗಿಯೇ ಹೋಗಿದ್ದೆ. ಅತ್ತೆ ಅದನ್ನು ತಲೆಕೆಳಗಾಗಿ ಹಿಡಿದು ಹಾಳೆ ಮಗುಚಿದಳು.

"ಇದ್ರಲ್ಲಿ ನಾನಿದ್ದೀನಾ?"

"ಇದ್ದೀಯ."

"ಉಸಿರು ಕಟ್ಟೋದೂ ಇದೆಯಾ?"

"ಇದೆ. ಗೆರೆ ಹಾಕಿದ್ದೀನಿ."

ಅವಳು ನಗತೊಡಗಿದಳು. ನಕ್ಕೂ ನಕ್ಕೂ ನಿಜವಾಗಿಯೇ ಉಸಿರು ಕಟ್ಟಿ ನಾನು ಬೆನ್ನು ತಟ್ಟಬೇಕಾಯಿತು. "ಇಟ್ಕೋ, ಇಟ್ಕೋ" ಎಂದು ನೋಟ್‌ಬುಕ್ ವಾಪಸು ಕೊಟ್ಟಳು. "ಆ ಮಧ್ಯಾಹ್ನ ಒಂದನ್ನ ಹಿಡ್ಕೊಂಡಿದ್ದೀಯ. ನಾನು ಎಷ್ಟು ಮಧ್ಯಾಹ್ನ ಹೇಳಿದ್ದೀನಿ ಗೊತ್ತಾ ನಿಂಗೆ?"

ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಯುಲಾಲಿಯಾಗೇ ಕೊಟ್ಟುಬಿಡು, ಅವಳಿಗೆ ಬರುತ್ತದೆ ಎಂದೆ. ಹೇಳಿದ ಕೂಡಲೇ ಹೇಳಬಾರದಿತ್ತು ಅನ್ನಿಸಿತು. ಜಾಗ ಬೇಕೆಂಬ ಆಸೆ ಈಗ ಯಾವ ಹೊಟ್ಟೆಕಿಚ್ಚಿನದೂ ಆಗಿರಲಿಲ್ಲ. ಇದು ಯಾವಾಗಿನಿಂದಲೋ.

ಯುಲಾಲಿಯಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಓಡಿಬಂದು ನನ್ನ ತೋಳು ಹಿಡಿದಳು.

"ಏ ಪುಣ್ಯಾತ್ಗಿತ್ತಿ, ನನ್ನ ಹೆಸರು ಎತ್ಬೇಡ! ಮಾತು ಹೇಳೋಳು ಹೆಂಡ ಮಾರೋ ಹಾಗಿಲ್ಲ, ಗೊತ್ತಿಲ್ವಾ ನಿಂಗೆ? ಅವತ್ತು ನೀನು ಹೂಂ ಅಂದ್ಯಲ್ಲ, ನಾನು ಮನೆಗೆ ಹೋಗಿ ಗಿನಿಕೋಳಿ ಕುಯ್ದೆ."

"ನಿಂಗೆ ಬೇಡವಾಗಿತ್ತಾ?"

"ನಂಗೆ ಬೇಕಾಗಿರೋದು ಸಂತೆ. ನಾಳೆ ಬೆಳಗ್ಗೆ ಬಾ, ಜೋಳ ನೆನೆ ಹಾಕ್ತೀನಿ. ಪುಸ್ತಕ ತರ್ಬೇಡ, ಹಳೇ ಬಟ್ಟೆ ಹಾಕ್ಕೊಂಡು ಬಾ."

ಆರು ವಾರ ಇವಳ ಮೇಲೆ ಹೊಟ್ಟೆ ಉರಿಸಿಕೊಂಡಿದ್ದೆ. ಅವಳು ಆರು ವಾರ ನನ್ನ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿದ್ದಳಂತೆ.

ಡಿಸೆಂಬರ್ ೨೮, ಭಾನುವಾರ

ಕ್ರಿಸ್‌ಮಸ್ ಬಂದು ಹೋದದ್ದೇ ತಿಳಿಯಲಿಲ್ಲ. ಜೋಳ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಮೂರು ದಿನ ಒಲೆಯ ಮುಂದೆ. ಕೂದಲಿಗೆಲ್ಲ ಹೊಗೆ ಹಿಡಿದಿದೆ. ಕ್ಲೀಟಸ್ ಹತ್ತಿರ ಬಂದು ಮೂಸಿ, "ಯಾರ ಹೆಂಡತಿ ಇದು, ನನ್ನವಳ ಹತ್ರ ಸೀಮೆಸುಣ್ಣದ ವಾಸನೆ ಬರ್ತಿತ್ತು" ಅಂದ.

ಯುಲಾಲಿಯಾ ಏನನ್ನೂ ಹೇಳಿಕೊಡುವುದಿಲ್ಲ. ಕಲಕುವ ಕೋಲನ್ನು ನನ್ನ ಕೈಗೆ ಕೊಟ್ಟು, "ಈಗ ಅಜ್ಜಿ ಏನ್ಮಾಡ್ತಿದ್ದಾಳೆ?" ಎಂದು ಕೇಳುತ್ತಾಳೆ. ನಾನು ಹೇಳುತ್ತೇನೆ. ಅಷ್ಟರಲ್ಲಿ ಯಾವನೋ ಗಿರಾಕಿ ಬುರುಡೆ ಹಿಡಿದುಕೊಂಡು ಬರುತ್ತಾನೆ. ನಾನು ಬಗ್ಗಿ ಮೊಗೆದು ಕೊಟ್ಟು, ದುಡ್ಡನ್ನು ಯುಲಾಲಿಯಾಗೆ ಬಿಟ್ಟು, ಅವನ ತಾಯಿಯ ಮಂಡಿನೋವು ವಿಚಾರಿಸಿ ತಿರುಗಿದರೆ, "ಹೂಂ, ಅಜ್ಜಿ?" ಎನ್ನುತ್ತಾಳೆ. ಗಡಿಗೆ ನೋಡುತ್ತೇನೆ. ಕುದಿ ಬಂದಿದ್ದರೆ ಅಜ್ಜಿಯದೂ ಕುದಿ ಬಂದಿರಬೇಕು. ಅಲ್ಲಿಂದ ಹೇಳುತ್ತೇನೆ.

ಒಂದು ಕಡೆ ತಪ್ಪಿದೆ ಎಂದು ತಿಳಿಯಿತು. ಯಾವ ಸಾಲು ಎಂದು ನೋಡಲು ನೋಟ್‌ಬುಕ್ ಹುಡುಕಿದೆ. ಎಲ್ಲಿಟ್ಟೆನೋ ಸಿಗಲಿಲ್ಲ. ನಾಳೆ ಹುಡುಕಬೇಕು.

ಜನವರಿ ೧೪, ಬುಧವಾರ

ಶಾಲೆ ಶುರುವಾಗಿ ವಾರವಾಯಿತು. ಐದನೆಯ ತರಗತಿಗೆ ಇಂದು ಇಂಗ್ಲಿಷ್ ಪಾಠದ ನಡುವೆ ಕಥೆ ಹೇಳಿದೆ, ಅದು ಪಾಠಪಟ್ಟಿಯಲ್ಲಿರಲಿಲ್ಲ. ಅತ್ತೆ ಸಂತೆಯಿಂದ ಐದು ಗಡಿಗೆ ಹೊತ್ತು ಬರುವಾಗ ಕತ್ತೆಯೊಂದು ಅಡ್ಡ ಬಂದು ನಿಂತದ್ದು, ಅತ್ತೆ ಎಡಕ್ಕೆ ಹೋದರೆ ಅದೂ ಎಡಕ್ಕೆ, ಬಲಕ್ಕೆ ಹೋದರೆ ಅದೂ ಬಲಕ್ಕೆ, ಕೊನೆಗೆ ನಾಲ್ಕು ಗಡಿಗೆ ನೆಲಕ್ಕೆ. ಮಕ್ಕಳು ಬೆಂಚು ಬಡಿದು ನಕ್ಕರು. ಆಚೆ ತರಗತಿಯ ಮಾಸ್ತರರು ಬಂದು ಇಣುಕಿದರು, ಹೋಗಲಿಲ್ಲ, ನಿಂತು ಕೇಳಿದರು.

ಬಿಟ್ಟ ಮೇಲೆ ಗೇಟಿನ ಹತ್ತಿರ ದಕುರಾ ಸೈಕಲ್ಲಿಗೆ ಒರಗಿ ನಿಂತಿದ್ದ.

"ಏನೇ, ನಮ್ಮ ಆಳಿನ ಮಗಳೇ, ಕೆಳಗಿನ ಮನೆಯವರು ಅಂಗಳ ಗುಡಿಸ್ತಿದ್ದಾರೆ, ನಿಮಗೆಲ್ಲ ಚಾಪೆ ಹಾಕೋಕೆ."

"ನಿನ್ನ ಹೊಟ್ಟೆಗೆ ಒಂದು ಚಾಪೆ ಸಾಲುತ್ತಾ ಅಂತ ಕೇಳು. ಅಲಸಂದೆ ತಿಂದೂ ತಿಂದೂ ಅದು ಎರಡು ಊರಿಗೆ ಹರಡಿದೆ."

ಅವನು ತಟ್ಟನೆ ಸೈಕಲ್ ಹತ್ತಿ ಹೊರಟುಹೋದ. ನನ್ನ ಮಾತು ಹೆಚ್ಚಾಯಿತೇನೋ. ಅವನಿಗೆ ನಾನು ಎದುರು ಮಾತಾಡಿದ್ದು ಇದೇ ಮೊದಲು. ಹಿಂದಿನಿಂದ ನೋಡಿದರೆ ಅವನ ಭುಜಗಳು ಅಲುಗುತ್ತಿದ್ದವು.

ಜನವರಿ ೩೦, ಶುಕ್ರವಾರ

ನಾಳೆ. ಗಡಿಗೆಗಳು ಉಕ್ಕುತ್ತಿವೆ, ನೊರೆಯ ಸದ್ದು ಕೋಣೆಯವರೆಗೂ ಕೇಳಿಸುತ್ತದೆ. ಅತ್ತೆಯನ್ನು ಒಂದೇ ಒಂದು ಸಲ ಕೇಳಿಸಿಕೋ ಎಂದು ಬೇಡಿದೆ. "ನಾಳೆ ಎಲ್ಲರ ಜೊತೆ ಕೇಳ್ತೀನಿ" ಎಂದು ಮಗ್ಗುಲು ಬದಲಿಸಿದಳು.

ಜನವರಿ ೩೧, ಶನಿವಾರ

ಅಕ್ಷರಗಳು ಗೆರೆ ಬಿಟ್ಟು ಹೋಗುತ್ತಿವೆ. ಹೆಂಡದಿಂದಲೂ ಇರಬಹುದು.

ಅಂಗಳದ ತುಂಬ ಜನ. ಮನೆಯ ಹೆಣ್ಣುಮಕ್ಕಳು ಗಡಿಯಾಚೆಯ ಊರುಗಳಿಂದಲೂ ಬಂದಿದ್ದರು. ಆರು ದೊಡ್ಡ ಗಡಿಗೆ. ದೊಡ್ಡಪ್ಪ ನನ್ನ ಕೈಗೆ ಬುರುಡೆ ಕೊಟ್ಟ. ಮಾತೇನು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹೇಗೆ ಹೋಯಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಅಜ್ಜಿ ನೀರಿಗೆ ಹೊರಟಿದ್ದಳು. ದಕುರಾ ಕೈ ಎತ್ತಿದ. "ಟೀಚರಮ್ಮ, ದಾರೀಲಿ ಯಾರೂ ಸಿಗ್ಲಿಲ್ವಾ ಅವಳಿಗೆ?"

ನಾನು ನಿಲ್ಲಲಿಲ್ಲ. ಅವನ ಕಡೆ ತಿರುಗಿ, ಸಿಕ್ಕಿದ ಎಂದೆ. ಮರದ ಕೆಳಗೆ ಒಬ್ಬ ದಕುರಾನ ವಂಶದವನು ಅಲಸಂದೆ ತಿಂದು ಬಿದ್ದುಕೊಂಡಿದ್ದ. ಬೆಟ್ಟವೆಂದುಕೊಂಡು ಅಜ್ಜಿ ಅವನನ್ನು ಸುತ್ತಿಕೊಂಡು ಹೋದಳು, ಅದಕ್ಕೇ ನೀರು ತರಲು ಅಷ್ಟು ತಡವಾಯಿತು. ಜನ ಗೊಳ್ಳೆಂದರು. ಆ ನಗು ಇಳಿಯುವ ಮೊದಲೇ ಅಜ್ಜಿ ನೀರು ಮುಟ್ಟಿದ್ದಳು, ನಾನೂ ಅವಳ ಜೊತೆಗಿದ್ದೆ.

"ಅವನನ್ನ ಎಬ್ಬಿಸ್ಲಿಲ್ವಾ?" ಎಂದ ದಕುರಾ.

ಎಬ್ಬಿಸಿದಳು. ವಾಪಸು ಬರುವಾಗ ಅವನ ತಲೆಯ ಮೇಲೂ ಒಂದು ಗಡಿಗೆ ಇಟ್ಟಳು. ಅಂದಿನಿಂದ ಆ ವಂಶದವರ ಕತ್ತು ಗಿಡ್ಡ.

ಮೂರನೆಯ ಸಲ ಅವನು ಬಾಯಿ ತೆರೆದ. ನಾನು ಕಾದೆ. ಅವನು ಬಾಯಿ ಮುಚ್ಚಿಕೊಂಡ.

ಒಂದು ಕಡೆ ನಿಜಕ್ಕೂ ಮರೆತುಹೋಯಿತು. ಎಲ್ಲ ಖಾಲಿ. ಎದುರಿನ ಗಡಿಗೆಯ ಮೇಲೆ ನೊರೆ ಒಡೆದು ಮತ್ತೆ ಕೂಡುತ್ತಿತ್ತು. ಅದನ್ನು ನೋಡುತ್ತ ನಿಂತೆ. ಆಮೇಲೆ, ಅಜ್ಜಿಯೂ ಹೀಗೇ ನೋಡುತ್ತ ನಿಂತಳು ಎಂದೆ. ಅಲ್ಲಿಂದ ಮುಂದಿನದು ತಾನಾಗಿ ಬಂತು.

ನೆಲಕ್ಕೆ ಎರೆದೆ. ಮಣ್ಣು ಕುಡಿಯಿತು. ಎರಡನೆಯ ಬುರುಡೆ ಅತ್ತೆಗೆ. ಅವಳು ಕುಡಿದು, ತುಟಿ ಒರೆಸಿ, ಉಳಿದದ್ದನ್ನು ನನಗೆ ಕೊಟ್ಟಳು. ಆಗಷ್ಟೇ ಅಂಗಳದಲ್ಲಿ ಬುರುಡೆಗಳ ಸದ್ದು, ಆಮೇಲೆ ಮರದ ಪಟ್ಟಿಗಳ ವಾದ್ಯದ್ದು.

"ಏನಾದ್ರೂ ಬಿಟ್ಟುಹೋಯ್ತಾ ಅತ್ತೆ?"

"ಬೇಕಾದಷ್ಟು."

"ಅಯ್ಯೋ."

"ನಾನೂ ಬಿಡ್ತಿದ್ದೆ. ಆ ಮಲಗಿದ್ನಲ್ಲ, ಅವನ್ಯಾರು? ಮೂವತ್ತೊಂದು ವರ್ಷದಲ್ಲಿ ನಂಗೆ ಸಿಕ್ಕಿರ್ಲಿಲ್ಲ ಅವನು."

"ಈಗ ತಾನೆ ಬಂದ."

"ಮುಂದಿನ ವರ್ಷಾನೂ ಬರ್ತಾನೆ. ಅವನಿಗೆ ಒಂದು ಹೆಂಡತೀನ ಹುಡುಕು."

ದಕುರಾ ತಾನು ಕುಳಿತಿದ್ದ ಮಣೆಯನ್ನು ಎತ್ತಿಕೊಂಡು ಬಂದು ಹಿರಿಯರ ಸಾಲಿನಲ್ಲಿ, ಅತ್ತೆಯ ಪಕ್ಕ ಇಟ್ಟ. "ಕೂತ್ಕೋ ಮುದುಕಿ" ಎಂದ. ಇದುವರೆಗೆ ಟೀಚರಮ್ಮ ಅನ್ನುತ್ತಿದ್ದ. ನಾನು ಕುಳಿತೆ. ಅವನು ಸಂಜೆಯವರೆಗೂ ನಿಂತುಕೊಂಡೇ ಕುಡಿದ. ಬೆಟ್ಟಕ್ಕೆ ಮಣೆ ಯಾಕೆ ಎಂದು ಯುಲಾಲಿಯಾ ಕೇಳಿದ್ದಕ್ಕೆ ಅವಳ ಬುರುಡೆಯನ್ನೂ ಕಿತ್ತುಕೊಂಡು ಕುಡಿದ.

ಫೆಬ್ರವರಿ ೭, ಶನಿವಾರ

ಕುಮಾಸಿಯಲ್ಲಿರುವ ತಂಗಿ ಎಮಿಲಿಯಾಗೆ ಬರಲಾಗಿರಲಿಲ್ಲ. ಫೋನಿನಲ್ಲಿ ಬೇಡ, ಎಲ್ಲವನ್ನೂ ಕಾಗದದಲ್ಲಿ ಬರೆ ಎಂದು ಹಟ ಹಿಡಿದಿದ್ದಾಳೆ. ಅವಳೂ ಈ ಮನೆಯ ಮಗಳೇ, ಮೊದಲ ಹಂತ ಮುಗಿಸಿದವಳು. ಬೆಳಗ್ಗೆ ಕುಳಿತು ನಾಲ್ಕು ಹಾಳೆ ಬರೆದೆ. ಕ್ಲೀಟಸ್ ಅದರ ಮೇಲೆ ಸೊಪ್ಪಿನ ಸಾರು ಚೆಲ್ಲಿದ. ಅದನ್ನು ಬಿಸಿಲಿಗೆ ಹಾಕಿ, ಬೇರೆ ಹಾಳೆ ತೆಗೆದುಕೊಂಡು ಮತ್ತೆ ಬರೆದೆ.

ಸಂಜೆ ಮೊದಲನೆಯದು ಒಣಗಿತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದೆ. ಒಂದರಲ್ಲಿ ದಕುರಾ ಮೂರನೆಯ ಸಲ ಬಾಯಿ ಮುಚ್ಚಿಕೊಳ್ಳುತ್ತಾನೆ. ಇನ್ನೊಂದರಲ್ಲಿ ಬಾಯಿ ತೆರೆದಾಗ ಅವನಿಗೆ ಧೂಳು ಹೊಕ್ಕು ಸೀನು ಬರುತ್ತದೆ. ಒಂದರಲ್ಲಿ ಗಡಿಗೆ ಆರು, ಇನ್ನೊಂದರಲ್ಲಿ ಒಂಬತ್ತು. ಕೆಂಪು ಪೆನ್ನು ಕೈಗೆ ತೆಗೆದುಕೊಂಡಿದ್ದೆ. ಯಾಕೆಂದು ಮರೆತು ಕ್ಲೀಟಸನ ಮುದ್ದೆ ನೋಡಲು ಎದ್ದು ಹೋದೆ. ಈಚೆಗೆ ಗಂಟು ಕಡಿಮೆಯಾಗಿದೆ.

ಎರಡನೆಯದನ್ನೇ ಲಕೋಟೆಗೆ ಹಾಕಿದ್ದೇನೆ. ಅದರಲ್ಲಿ ಅತ್ತೆ ಇನ್ನೂ ಚೆನ್ನಾಗಿ ನಗುತ್ತಾಳೆ. ನಾಳೆ ಅಂಚೆ ಕಚೇರಿ ಇಲ್ಲ. ಸೋಮವಾರ, ಫೆಬ್ರವರಿ ೯ರಂದು ಹಾಕುತ್ತೇನೆ.